ಲ್ಯಾಪ್‌ಟಾಪ್ ಕೊಂಡದ್ದು

ಒಂದು ಕಿಲೋ ನೂರು ಗ್ರಾಂ, ಅಷ್ಟೇ,
ಎಂದ ಅಂಗಡಿಯ ಕ್ಯಾಲಮ್, ಎರಡೇ ಬೆರಳಲ್ಲಿ ಎತ್ತಿ.

ಸೂಲಗಿತ್ತಿಯ ಕೈ ನನ್ನದು;
ಇಷ್ಟು ತೂಕವೆಂದರೆ ಇಪ್ಪತ್ತೆಂಟು ವಾರ,
ಗಾಜಿನ ಪೆಟ್ಟಿಗೆ, ಇನ್ನೂ ಬಲಿಯದ ಉಸಿರು.

ಏನೇನು ಬಿಟ್ಟು ಬಂದಿದೆ ಇದು? ಕೇಳಿದೆ.
ತಂತಿ ಚುಚ್ಚಲು ಒಂದೇ ತೂತು.
ಫ್ಯಾನಿಲ್ಲ.
ಬ್ಯಾಟರಿ ಮಧ್ಯಾಹ್ನದ ಚಹಾದವರೆಗೆ.

ಪಕ್ಕದ್ದು ಕಪ್ಪು, ದಢೂತಿ, ಒಂದೂವರೆ ಮೀರಿದ್ದು;
ಇಡೀ ರಾತ್ರಿಪಾಳಿಗೂ ಆರದಂತೆ.
ಹೆರಿಗೆಗೆ ಗಡಿಯಾರ ಗೊತ್ತಿಲ್ಲವಲ್ಲ.
ಆದರೆ ಶೆಫೀಲ್ಡಿನ ಈ ಏರುಗಳು,
ಲಿಫ್ಟಿಲ್ಲದ ಮೂರನೇ ಮಹಡಿಗಳು, ನನ್ನ ಎಡಭುಜ,
ಚೀಲದಲ್ಲಿ ಮೊದಲೇ ತಕ್ಕಡಿ, ಡಾಪ್ಲರ್, ಕೈಗವಸು, ಬಾಳೆಹಣ್ಣು.

ಎರಡನ್ನೂ ಎದೆಗೊತ್ತಿ ನೋಡಿದೆ, ಒಂದೊಂದಾಗಿ.
ಕ್ಯಾಲಮ್ ನಕ್ಕ.

ದಪ್ಪನೆಯದನ್ನೇ ಕಟ್ಟಿಕೊಡು ಮಾರಾಯ.
ಬಾಳೆಹಣ್ಣು ಇಲ್ಲೇ ತಿಂದು ಹೋಗುತ್ತೇನೆ.