ತಿದಿ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ನನ್ನದು ಹಾರ್ಮೋನಿಯಂ ರಿಪೇರಿ ಅಂಗಡಿ.
ಸಿಕ್ವೇರ ಮೇಷ್ಟ್ರ ಮೊಮ್ಮಗ ತಂದಿಟ್ಟ
ಅಜ್ಜನ ಅಕಾರ್ಡಿಯನ್ನು.
ತಿದಿಯ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು.

"ನುಡಿದರೆ ಹೀಗೆ ನುಡೀಬೇಕು" ಅಂತ
ನನ್ನ ಮೊಬೈಲಿಗೆ ಕಳಿಸಿದ ಹನ್ನೊಂದು ಹಾಡು.
ಮೆಕ್ಸಿಕೋ ಕಡೆಯ ಯಾವುದೋ ಮೇಳವಂತೆ,
ಅಗಲ ಟೋಪಿಯ ಐವರು,
ನಡುವಿನವನ ಎದೆಯ ಮೇಲೆ ಆ ಪೆಟ್ಟಿಗೆ.

ಮೊದಲ ದಿನ ನಾನು ಕೇಳಿದ್ದು ಹಾಡಲ್ಲ, ರೀಡು.
ಒಂದೇ ಸ್ವರಕ್ಕೆ ಎರಡು ನಾಲಗೆ,
ಒಂದು ಕೂದಲೆಳೆಯಷ್ಟು ಏರು.
ನನ್ನ ಅಂಗಡಿಯಲ್ಲಾದರೆ ದೋಷ ಅಂದು
ಅರ ಹಾಕಿ ತೀಡುತ್ತಿದ್ದೆ.
ಅವರು ಅದನ್ನೇ ನಡುಗಲು ಬಿಟ್ಟಿದ್ದಾರೆ.

ನಮ್ಮ ಪೆಟ್ಟಿಗೆ ಚಾಪೆಯ ಮೇಲೆ ಕೂರುವಂಥದ್ದು,
ಭಜನೆಗೆ ಬಂದ ಹಿರಿಯರ ಹಾಗೆ.
ಇದು, ತಬ್ಬಿಕೊಳ್ಳದೆ ಉಸಿರೇ ಬಿಡುವುದಿಲ್ಲ.

ಊಟದ ಡಬ್ಬಿ ತಂದ ಸುಗುಣ
ಬಾಗಿಲಲ್ಲೇ ನಿಂತಳು.
"ಏನಂತಾನೆ ಅವನು?"
ಆ ಭಾಷೆಯ ಒಂದಕ್ಷರ ನನಗೆ ಬಾರದು.
"ನೀನು ಬಸ್ಸಿಳಿದ ದಿನ ಚಪ್ಪಲಿ ಕಿತ್ತುಹೋಗಿತ್ತು ಅಂತಾನೆ.
ಪಿನ್ನು ನನ್ನ ಜೇಬಲ್ಲೇ ಇತ್ತು,
ಕೊಡೋಕೆ ನಾಚಿಕೆ ಆಯ್ತು ಅಂತಾನೆ."
ಅವಳು ಡಬ್ಬಿ ಬಿಚ್ಚಿದಳು. ಹುರುಳಿ ಸಾರು.
"ಮೆಕ್ಸಿಕೋಕ್ಕೂ ಹೊಸನಗರದ ಬಸ್ಸು ಬರುತ್ತೋ?"

ಆಮೇಲೆ ದಿನಕ್ಕೊಂದು ಹಾಡು, ದಿನಕ್ಕೊಂದು ಸುಳ್ಳು.
ಸರೇಸಿನ ವಾಸನೆಯಲ್ಲಿ ತೊಗಲು ಅಂಟಿಸುತ್ತ
ಮೂವತ್ತು ವರ್ಷ ಬಾಯಿಗೆ ಬಾರದ್ದನ್ನೆಲ್ಲ
ಟೋಪಿಯವನ ತಲೆಗೆ ಕಟ್ಟಿದೆ.
ನಿನ್ನ ಕುತ್ತಿಗೆಯ ಮಚ್ಚೆ ಎಡಕ್ಕಿದೆ ಅಂತಾನೆ.
ಅಕ್ಕಿ ಆರಿಸುವಾಗ ನೀನು ಗುನುಗುವುದು ತಾಳ ತಪ್ಪುತ್ತೆ,
ತಪ್ಪಿದರೇ ಚೆಂದ ಅಂತಾನೆ.
ಅವಳು ನಗಲಿಲ್ಲ. ಆದರೆ ಊಟದ ಹೊತ್ತು
ಒಂದೂವರೆಯಿಂದ
ಹನ್ನೆರಡೂಮುಕ್ಕಾಲಿಗೆ ಸರಿಯಿತು.

ಹನ್ನೊಂದನೆಯದು ನಿಧಾನದ್ದು.
ತಿದಿಯನ್ನು ಪೂರ್ತಿ ತೆರೆದು, ನುಡಿಸದೆ,
ಬರೀ ಗಾಳಿ ಬಿಡುವ ಒಂದು ಜಾಗವಿದೆ ಅದರಲ್ಲಿ.
ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು:
"ಇದು ನನಗೆ ಗೊತ್ತು.
ಪಾಲಿಟಾಣಾದ ರೀಡಿಗೆ ಅಂತ ಬೆಂಡೋಲೆ ಮಾರಿದವನು
ಹೇಳದೆ ಮಾರಿದ್ದು ತಪ್ಪಾಯಿತು ಅಂತಿದಾನೆ."

ಹಾಡು ಮುಗಿಯುವವರೆಗೂ
ಬಿಗಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು
ತಿರುಗಿಸುತ್ತಲೇ ಇದ್ದೆ.
"ಹೌದು," ಅಂದೆ, "ಹಾಗೇ ಅಂತಿದಾನೆ."

ಅಕಾರ್ಡಿಯನ್ನು ಸರಿಯಾಗಿ ನಾಲ್ಕು ದಿನವಾಯಿತು.
ಹುಡುಗ ಫೋನು ಮಾಡಿದರೆ
ಮೋಡ ನೋಡಪ್ಪ, ತೊಗಲು ಇನ್ನೂ ಒಣಗಿಲ್ಲ
ಎನ್ನುತ್ತೇನೆ.