ಏಳನೇ ತಿಂಗಳ ಡ್ಯೂಟಿ

ನಸುಕಿನ್ಯಾಗ ಐದಕ್ಕ ವಾಡಿ ಜಂಕ್ಷನ್ನಿನ
ಒಂದನೇ ಪ್ಲಾಟ್‌ಫಾರ್ಮು ಇನ್ನಾ ತಂಪದ.
ಏಳು ಹೊಡದ ಮ್ಯಾಲ ಈ ಫರಸಿ ಕಾದ ಹಂಚು,
ಸಿಮೆಂಟಿನ ಧೂಳೂ ಏಳ್ತದ, ಅದಕ್ಕ ಈಗೇ.
ಟಿಕೀಟಿಲ್ಲದ ಪ್ಯಾಸೆಂಜರ ನಾನು.
ಕ್ವಾರ್ಟರ್ಸಿನಾಕಿ ಅಂತ ಟಿ.ಸಿ. ಲಾಜರಸ್ ಬಿಡ್ತಾರ,
"ಯಾವ ಕಡಿ ಹೊಂಟೀ ತಂಗಿ?" ಅಂತ ಮಾತ್ರ ದಿನಾ ಕೇಳ್ತಾರ.
"ನೀರಿನ ಟಾಕಿ ತನಕ್ರೀ. ಮತ್ತ ಹಿಂದಕ್ಕ."

ಪಾರ್ಸಲ್ ಆಫೀಸಿನಿಂದ ಟಾಕಿಗೆ ಆರನೂರಾ ನಲವತ್ತು ಹೆಜ್ಜಿ.
ಐದನೇ ತಿಂಗಳಾಗ ಐನೂರಾ ತೊಂಬತ್ತಿತ್ತು.
ಪ್ಲಾಟ್‌ಫಾರ್ಮು ಬೆಳದಿಲ್ಲ,
ನನ್ನ ಹೆಜ್ಜಿ ಸಣ್ಣಾಗ್ಯಾವ.

ಅದಕ್ಕೂ ಮುಂಚೆ ನಾ ಹೊರಸಿನ ಮ್ಯಾಲೇ ಇದ್ದೆ.
ಬೆಳ್ಳಗಾಗೂತನ ಫ್ಯಾನಿನ ರೆಕ್ಕಿ ಎಣಿಸೂದು.
ಮೂರೇ ಇರ್ತಾವ, ಎಷ್ಟಂತ ಎಣಿಸೂದು?
ಪಾದ ಬಾತು ಚಪ್ಪಲಿ ಹಿಡೀತಿದ್ದಿಲ್ಲ,
ಬೆನ್ನಾಗ ಯಾರೋ ಪಾನಾ ಹಾಕಿ ಬೋಲ್ಟು ತಿರುವಿದಂಗ.
ಸಾರಿಗೆ ಉಪ್ಪು ಹೆಚ್ಚಾದ್ರೂ ಅಳು, ಕಡಿಮ್ಯಾದ್ರೂ ಅಳು.

ಸಿಸ್ಟರ್ ಮೆಹರುನ್ನಿಸಾ ಹೊಟ್ಟಿ ಮುಟ್ಟಿ ನೋಡಿ ಹೇಳಿದ್ದು ಇಷ್ಟೇ:
ಬಾಜೂಕಿದ್ದವರ ಕೂಡ ಮಾತಾಡಲಿಕ್ಕ ಬರಬೇಕು,
ಹಾಡು ಹೇಳಲಿಕ್ಕ ದಮ್ಮು ಸಾಲಬಾರದು, ಅಷ್ಟು ಬಿರುಸು ನಡಿ.
ತಲಿ ತಿರುಗಿದ್ರ ಕೂಡು. ಕೆಂಪು ಕಂಡ್ರ ಓಡಿ ಬಾ...
"ಅಯ್ಯ, ಓಡಬ್ಯಾಡ, ಆಟೋ ಹಿಡಿ" ಅಂತ ತಾನೇ ನಕ್ಕಳು.
ಗ್ವಾಡಿ ಹಿಡಿದು ಕೂತು ಏಳೂದು ಕಲಿಸಿದಳು,
ಉಸುರು ಹೊಟ್ಟಿ ತಳಕ್ಕಿಳಿಸಿ ಮೆಲ್ಲಕ ಬಿಡೂದು.

ಪವಾಡೇನು ಆಗಿಲ್ಲ ನೋಡ್ರಿ.
ಮಗ್ಗಲ ಬದಲಿಸಿದ್ರೂ ನಿದ್ದಿ ಮುರಿಯೂದಿಲ್ಲ.
ಸಕ್ಕರಿ ರಿಪೋರ್ಟು ಗೆರಿ ದಾಟಿಲ್ಲ.
ಮುಂಜಾನಿ ಪಾಯಖಾನಿಗೆ ಹೋಗೂದು ಯುದ್ಧ ಅಲ್ಲ.
ಅಳು ಬರ್ತದ, ಖರೆ, ಟಾಕಿ ಮುಟ್ಟೂದ್ರಾಗ ಮರ್ತು ಹೋಗ್ತದ.

ಮನಿಯಾಂವ ಕೀಮ್ಯಾನು.
ಹೆಗಲಿಗೆ ಸುತ್ತಿಗಿ, ಕೈಯಾಗ ಝಂಡಾ,
ಹಳಿಗುಂಟ ದಿನಾ ಹನ್ನೆರಡು ಕಿಲೋಮೀಟರು.
"ನಡೀಲಿಲ್ಲಂದ್ರ ಹಳಿ ಏನು ಹೇಳ್ತದ ಗೊತ್ತಾಗೂದಿಲ್ಲ" ಅಂತಾನ.
ಬೂಟು ಕಳದು ನನ್ನ ಪಾದದ ಬಾಜೂಕ ತನ್ನ ಪಾದ ಇಟ್ಟು
ಯಾರದು ಹೆಚ್ಚು ಬಾತಾವ ಅಂತ ನೋಡ್ತಾನ.

ಒಂದು ಮಾತು ಅವಗೂ ಹೇಳಿಲ್ಲ.
ನಾ ನಡೆಯೂತನ ಒಳಗಿಂದು ಮಲಗಿರ್ತದ,
ಬೆಂಚಿನ ಮ್ಯಾಲ ಕೂತೆನೋ, ಒದೀಲಿಕ್ಕ ಸುರು.
ಶಿಫ್ಟು ಬದಲಾಗ್ತದ,
ಇಬ್ಬರೂ ಕೂಡಿ ರಜಾ ತಗೊಂಡಿಲ್ಲ ಇನ್ನಾ.

ಅತ್ತಿ ಮಾತ್ರ ಎರಡು ತಿಂಗಳು ಮಾತು ಬಿಟ್ಟಿದ್ದಳು.
ತುಂಬಿದ ಕೊಡ ಇಟ್ಟಲ್ಲೇ ಇರಬೇಕು ಅನ್ನಾಕಿ.
ಮೊನ್ನಿ ರಾತ್ರಿ ಎಲಿ ಅಡಿಕಿ ಮೆಲ್ಲಕೋತ ಗ್ವಾಡಿಗೆ ಹೇಳಿದಂಗ ಹೇಳಿದಳು:
ಶಹಾಬಾದಿನ ಖಣಿ, ತಲಿ ಮ್ಯಾಲ ಫರಸಿ,
ಹೊಟ್ಯಾಗ ನಿನ್ನ ಗಂಡ. ಒಂಬತ್ತು ತುಂಬೂತನ.
ಒಂದು ತಾಸು ಕೂಡ್ತೀನ್ರಿ ಅಂದ್ರ
ಗುತ್ತೇದಾರ ಅರ್ಧಾ ಪಗಾರ ಹಿಡೀತಿದ್ದ.
ನನಗ ಕೂಡಲಿಕ್ಕ ಸಿಗಲಿಲ್ಲವ್ವ.
ನೀನರ ಕೂಡ್ಲಿ ಅಂತ
ಆ ಹೊರಸಿಗೆ ಹೊಸಾ ನವಾರು ಹಾಕ್ಸಿದ್ದೆ.

ಏನು ಹೇಳಬೇಕೋ ತಿಳೀಲಿಲ್ಲ.
ಅದು ಹೊರೂದು ಅತ್ತಿ, ಇದು ನಡಿಯೂದು,
ಸಾಕನಿಸಿದಾಗ ನಿಲ್ಲಬಹುದು, ಅದೊಂದೇ ಫರಕು
ಅಂತ ಹೇಳಿದೆನೋ, ಬರೇ ಅಂದುಕೊಂಡೆನೋ.

ಇವತ್ತು ಹಿಂದಿಂದ ಬಳಿ ಸಪ್ಪಳ.
ಅತ್ತಿ. ಬರಿಗಾಲು, ಬಗಲಾಗ ನೀರಿನ ಬಾಟ್ಲಿ,
ನನಗಿಂತ ಬಿರುಸು.
ಮೂರನೇ ಕಂಬದ ಕಡಿ ನಿಂತು
ಹೆಬ್ಬೆರಳಿಲೆ ಫರಸಿ ಒತ್ತಿ ನೋಡಿದಳು.
"ಇದು ನಮ್ಮ ಖಣೀದಲ್ಲ. ನಮ್ಮದು ದಪ್ಪಿತ್ತು."
ಅಷ್ಟಂದು ಮುಂದ ನಡದಳು.

ಸೊಲ್ಲಾಪುರದ ಗಾಡಿ ನಲವತ್ತು ನಿಮಿಷ ತಡ ಅಂತ ಮೈಕು ಒದರ್ತದ.
ನಾವೇನು ಅದಕ್ಕ ಕಾಯಲತ್ತಿಲ್ಲ.
ಬಿಸಿಲು ಏರೂದ್ರಾಗ ಇನ್ನೊಂದು ಸುತ್ತಾಗ್ತದ.