ಥೆರ್ರಿರ್

ನಮ್ಮಲ್ಲಿ ಒಂದು ಮಾತಿದೆ, ಥೆರ್ರಿರ್.
ನಿಘಂಟು ಒಂದೇ ಏಟಿಗೆ ಮುಗಿಸುತ್ತದೆ: ಒಣಹವೆ.
ಅತ್ತೆ ಹಲ್ಬೇರಾ ಒಪ್ಪುವುದಿಲ್ಲ.
ಒಣಹವೆ ಮರಳುಗಾಡಿನಲ್ಲೂ ಉಂಟಂತಲ್ಲ,
ಅಲ್ಲಿ ಯಾರು ಕಿಟಕಿಗೆ ಮೂಗು ಒತ್ತಿ ಅದರ ದಾರಿ ನೋಡುತ್ತಾರೆ?
ಕೊಯ್ದ ಹುಲ್ಲು ಹತ್ತು ದಿನ ನೆಲದಲ್ಲೇ ಬಿದ್ದಿರಬೇಕು,
ಕುರಿಗಳ ಚಳಿಗಾಲವಿಡೀ ಅದರೊಳಗೆ ತೊಯ್ದಿರಬೇಕು,
ಆಮೇಲೆ ಒಂದು ಬೆಳಗ್ಗೆ ಬಡಗಣ ಗಾಳಿ ಏಳಬೇಕು.
ಅದು ಥೆರ್ರಿರ್.
ಕಾಯದವರಿಗೆ ಅದು ಬರೀ ಗಾಳಿ.

ಆ ಬೇಸಿಗೆ ರೇಡಿಯೋ ದಿನಕ್ಕೆ ಮೂರು ಸಲ ಮಳೆ ಓದುತ್ತಿತ್ತು.
ಅಪ್ಪ ಎದ್ದು, ಕಿವಿ ಹಿಂಡಿ, ಅದನ್ನು ಆರಿಸುತ್ತಿದ್ದ.
ಅವನೂ ಒಣಗಿದ್ದ ಆಗ,
ಹನ್ನೊಂದು ದಿನ.
ಕುಡಿತ ಬಿಟ್ಟವನಿಗೂ ನಮ್ಮಲ್ಲಿ ಅದೇ ಬೇರಿನ ಮಾತು.
ಅಂಗಡಿಯಲ್ಲಿ ಅದನ್ನು ಮುಖ ನೋಡಿ ಹೇಳುವುದಿಲ್ಲ,
ಕೈಗವಸು ಬಿಚ್ಚುತ್ತಾ, ಮೊಳೆಯ ಡಬ್ಬಿ ನೋಡುತ್ತಾ ಹೇಳುತ್ತಾರೆ:
ಥೋರ್ಗಿಲ್ಸ್ ಒಣಗಿದ್ದಾನಂತೆ.
ಬಸಿಯ ಮೇಲೆ ಅವನ ಕಪ್ಪು ಕಟಕಟ ನಡುಗುವುದೇ
ನಮ್ಮ ಅಡುಗೆಮನೆಯ ಗಡಿಯಾರ.

ಹನ್ನೆರಡನೆಯ ದಿನ ಬಂತು.
ಬೆಟ್ಟ ರಾತ್ರೋರಾತ್ರಿ ಹತ್ತಿರ ಸರಿದಿತ್ತು,
ಫ್ಯೋರ್ಡಿನ ಆಚೆ ದಡದ ಕುರಿಗಳನ್ನು ಎಣಿಸಬಹುದಿತ್ತು.
ಹರವಿದೆವು, ತಿರುವಿದೆವು, ಮತ್ತೆ ತಿರುವಿದೆವು.
ಒಳ್ಳೆಯ ಥೆರ್ರಿರ್‌ಗೆ ಸದ್ದಿರುತ್ತದೆ;
ಮಧ್ಯಾಹ್ನಕ್ಕೆ ಕಾಲಡಿಯ ಹುಲ್ಲು
ಗರಗರ ಮಾತಾಡತೊಡಗಿತು.
ರಾತ್ರಿ ಹತ್ತಾದರೂ ಬೆಳಕಿಗೆ ಮನೆಗೆ ಹೋಗುವ ಮನಸ್ಸಿಲ್ಲ.

ಕೊನೆಯ ಹೊರೆ ಕೊಟ್ಟಿಗೆ ಸೇರಿದಾಗ
ಪಕ್ಕದ ಹೊಲದ ಓಡ್‌ಗೇರ್ ಟ್ರ್ಯಾಕ್ಟರಿನ ಸೀಟಿನಡಿಯಿಂದ ಸೀಸೆ ತೆಗೆದ.
ಒಂದೊಂದು ಗುಟುಕು, ಅದು ಪದ್ಧತಿ.
ಸೀಸೆ ಕೈಯಿಂದ ಕೈಗೆ ಬಂತು, ಅಪ್ಪನ ಬಳಿ ನಿಂತಿತು.
ಗಾಳಿಯೂ ನಿಂತಿತೆಂದು ನನಗೆ ನೆನಪು,
ನಿಂತಿರಲಿಕ್ಕಿಲ್ಲ.
ಅವನು ಅದನ್ನು ಅತ್ತೆಗೆ ದಾಟಿಸಿದ.
ಅತ್ತೆ ತನ್ನದನ್ನು ಕುಡಿದಳು, ಅವನದನ್ನೂ ಕುಡಿದಳು,
ಬಾಯಿ ಒರೆಸಿಕೊಂಡು ಮೆದೆಯೊಳಗೆ
ಭುಜದವರೆಗೆ ತೋಳು ತೂರಿದಳು.

ಹಸಿ ಉಳಿದರೆ ಹುಲ್ಲು ಒಳಗೊಳಗೇ ಕಾಯುತ್ತದೆ.
ವಾರಗಟ್ಟಲೆ ಕಾಯುತ್ತದೆ, ಗೊತ್ತಾಗುವುದಿಲ್ಲ.
ಸೆಪ್ಟೆಂಬರಿನ ಒಂದು ರಾತ್ರಿ ಕೊಟ್ಟಿಗೆ ಹೊತ್ತಿ ಉರಿಯುತ್ತದೆ.

"ಒಣಗಿದೆಯೇನೋ?" ಎಂದಳು,
ಹುಲ್ಲನ್ನೂ ನೋಡದೆ, ಅವನನ್ನೂ ನೋಡದೆ.

ಅಪ್ಪ ಕವೆಗೋಲನ್ನು ಗೋಡೆಗೆ ಒರಗಿಸಿದ.
ಅದು ಜಾರಿತು. ಮತ್ತೆ ಒರಗಿಸಿದ.
"ಮೇಲೆ ಮೇಲೆ," ಎಂದ.
"ನಾಳೆಯೂ ಕೈಯಿಟ್ಟು ನೋಡು, ಅಕ್ಕಾ."